ನೆರಿನಾಳಿಗೆ ಹಾಲು

ಊರಿನ ಹೆಸರಿನ ಹಲಗೆ ಬಿಚ್ಚುತ್ತಿದ್ದವನು ತಲೆಯಿಂದ ಕಾಲಿನವರೆಗೆ ಕಾಗದದಂಥ ಬಿಳಿ ಉಡುಪು ತೊಟ್ಟಿದ್ದ. ಮೂಗು, ಬಾಯಿಗೆ ಎರಡು ಡಬ್ಬಿಗಳಿದ್ದ ಮುಖವಾಡ. ರಸ್ತೆಯ ತಿರುವಿನಲ್ಲಿ ಅವನನ್ನು ಕಂಡದ್ದೇ ಫಿಲೊಮೆನಾ ತೊಡೆಯ ಮೇಲಿದ್ದ ಫ್ಲಾಸ್ಕನ್ನು ಅವಚಿಕೊಂಡು ಇನ್ನೊಂದು ಕೈಯಿಂದ ಶಿಲುಬೆಯ ಗುರುತು ಹಾಕಿಕೊಂಡಳು.

"ಸತ್ತೋರು ಆಗ್ಲೇ ಎದ್ದು ಬಂದ್ರು ಅಂದ್ಕೊಂಡೆ," ಅಂದಳು.

"ಸತ್ತೋರು ಸ್ಪ್ಯಾನರ್ ಹಿಡ್ಕೊಂಡು ಬರಲ್ಲ," ಅಂದ ಎಲಿಜಿಯೊ. "ನೀನು ಕಿಟಕಿ ಇಳಿಸ್ಬೇಡ. ಏನಿದ್ರೂ ನಾನು ಮಾತಾಡ್ತೀನಿ."

ಮುಖವಾಡದವನು ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದ. ಎಲಿಜಿಯೊ ತನ್ನ ಕಡೆಯ ಗಾಜನ್ನು ಎರಡು ಬೆರಳು ತೂರುವಷ್ಟು ಇಳಿಸಿದ. ಹೊರಗಿನ ಬಿಸಿ ಒಲೆಯ ಬಾಗಿಲು ತೆಗೆದ ಹಾಗೆ ಒಳನುಗ್ಗಿತು. ಅವನು ಮುಖವಾಡವನ್ನು ಗಲ್ಲಕ್ಕೆ ಎಳೆದುಕೊಂಡ. ಕೆಂಪು ಗಡ್ಡದ ನಡುವಯಸ್ಸಿನವ, ಪಂಚಾಯಿತಿಯ ಕೆಲಸದವನು. ಎದೆಯ ಮೇಲೆ ಡ್ಯಾರಿಲ್ ಅಂತ ಬರೆದಿತ್ತು.

"ದಾರಿ ತಪ್ಪಿದ್ರಾ, ಮೇಟ್? ಈಜೋ ಹೊಳೆ ಆ ಕಡೆ ಇದೆ."

"ತಪ್ಪಿಲ್ಲ. ಯಾರಿನ್ ಸ್ಮಶಾನಕ್ಕೆ ಹೋಗ್ಬೇಕು."

"ಯಾರಿನ್ ಅನ್ನೋ ಊರೇ ಈಗ ಇಲ್ಲ. ನಕ್ಷೆಯಿಂದ ತೆಗೆದಾಯ್ತು. ಕರೆಂಟೂ ಇಲ್ಲ, ನೀರೂ ಇಲ್ಲ."

"ನಾವು ನೋಡೋಕೆ ಹೊರಟಿರೋರು ಕರೆಂಟ್ ಕೇಳಲ್ಲ."

ಡ್ಯಾರಿಲ್ ನಗಲಿಲ್ಲ. ಗಾಜಿನಾಚೆಯಿಂದ ಮುದುಕನನ್ನು ನಿಧಾನವಾಗಿ ನೋಡಿದ: ಸಡಿಲವಾದ ಕಾಲರ್, ಮಾತಿನ ನಡುವೆ ತೆಗೆದುಕೊಳ್ಳುವ ಉಸಿರು, ಅದರ ಕೊನೆಯಲ್ಲಿ ಸಣ್ಣ ಸಿಳ್ಳೆ. "ಇಲ್ಲಿ ಕೆಲಸ ಮಾಡಿದ್ರಾ?"

"ಗಿರಣೀಲಿ."

"ತುಂಬಾ ವರ್ಷಾನಾ?"

"ಒಂದೂವರೆ."

"ಒಂದೂವರೆ ವರ್ಷ ಅಷ್ಟೇನಾ?"

"ಅಷ್ಟು ಸಾಕಾಗತ್ತೆ," ಅಂದ ಎಲಿಜಿಯೊ.

ಡ್ಯಾರಿಲ್ ತನ್ನ ಗಾಡಿಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿದ್ದ ಹೊಸ ಮುಖವಾಡವೊಂದನ್ನು ತಂದು ಕಿಟಕಿಯ ಸಂದಿಯಲ್ಲಿ ತೂರಿಸಿದ. "ಇರೋದು ಇದೊಂದೇ. ನಿಮ್ಮ ಮನೆಯವ್ರಿಗೆ ಹಾಕಿ. ಇವತ್ತು ಗಾಳಿ ಇಲ್ಲ, ಪುಣ್ಯ. ಬೇಗ ಬಂದ್ಬಿಡಿ. ನಾನಂತೂ ನಿಮ್ಮನ್ನ ನೋಡೇ ಇಲ್ಲ." ಆಮೇಲೆ ಮತ್ತೆ ಏಣಿ ಹತ್ತಿ ಹಲಗೆಯ ಇನ್ನೊಂದು ಬೋಲ್ಟಿಗೆ ಸ್ಪ್ಯಾನರ್ ಹಾಕಿದ.

ಇಟಲಿಯಿಂದ ಬಂದ ನಮ್ಮವರಲ್ಲಿ ನವೆಂಬರ್ ಎರಡಕ್ಕೆ ಸತ್ತವರು ಮನೆಗೆ ಬರುತ್ತಾರೆ. ಹಿಂದಿನ ರಾತ್ರಿಯೇ ಮೇಜಿನ ಮೇಲೆ ಬ್ರೆಡ್ಡು, ವೈನು, ಕೆಳಗೊಂದು ಬಕೆಟ್ ನೀರು ಇಟ್ಟು ಮಲಗಬೇಕು. ದೂರದಿಂದ ನಡೆದು ಬಂದವರಿಗೆ ಬಾಯಾರಿರುತ್ತದೆ. ಇಟಲಿಯ ಬೆಟ್ಟದ ಹಳ್ಳಿಯಿಂದ ಹಡಗು ಹತ್ತಿ ಬಂದ ಫಿಲೊಮೆನಾ ಪರ್ತ್‌ನ ಮನೆಯಲ್ಲೂ ಇದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ತನ್ನ ಅಪ್ಪ ಅಮ್ಮ ಸಮುದ್ರ ದಾಟಿ ಬರುತ್ತಾರೆ ಅನ್ನುವುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಗಂಡನ ಜೊತೆ ಗಿರಣಿಯಲ್ಲಿ ದುಡಿದವರು ಒಬ್ಬೊಬ್ಬರಾಗಿ ಹೋಗತೊಡಗಿದ ಮೇಲೆ ಅವರ ಲೋಟಗಳೂ ಸೇರಿಕೊಂಡು, ಮೇಜು ಸಾಲದೆ ಇಸ್ತ್ರಿ ಹಲಗೆಯನ್ನು ಪಕ್ಕಕ್ಕೆ ಜೋಡಿಸಬೇಕಾಯಿತು. ಬೆಳಿಗ್ಗೆ ನೋಡಿದರೆ ವೈನು ಇಳಿದಿರುತ್ತಿತ್ತು. ಅದು ಎಲಿಜಿಯೊನ ಕೈವಾಡ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವಳಿಗೂ ಗೊತ್ತು. ಮೇಜಿನ ತುದಿಯಲ್ಲಿ ಒಂದು ಚಿಕ್ಕ ಬಟ್ಟಲಲ್ಲಿ ಹಾಲಿರುತ್ತಿತ್ತು. ಅದನ್ನು ಮಾತ್ರ ಅವನು ಮುಟ್ಟುತ್ತಿರಲಿಲ್ಲ.

ಹಾಲು ನೆರಿನಾಳದು. ಅವರ ಮೊದಲ ಮಗು ಏಳು ತಿಂಗಳಿದ್ದಾಗ ಯಾರಿನ್‌ನಲ್ಲೇ ಜ್ವರ ಬಂದು ತೀರಿಕೊಂಡಿತು. ಕೆಟ್ಟ ಬೇಸಿಗೆ, ಡಾಕ್ಟರು ಬರುವ ವಿಮಾನ ಧೂಳಿಗೆ ಇಳಿಯಲಾಗದೆ ಹಿಂದಕ್ಕೆ ಹೋಯಿತು. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಗಣಿಯೂ ಗಿರಣಿಯೂ ಮುಚ್ಚಿದ ಮೇಲೆ ಎಲ್ಲರೂ ಚದುರಿದರು. ಇವರು ಪರ್ತ್‌ಗೆ ಹೋದರು, ಇನ್ನೊಬ್ಬ ಮಗಳು ಹುಟ್ಟಿದಳು, ಮದುವೆಯಾದಳು, ಮತ್ತೆ ಯಾರಿನ್ ಇರುವ ಉತ್ತರಕ್ಕೇ ಬಂದು ಕಬ್ಬಿಣದ ಗಣಿಯ ಊರಿನಲ್ಲಿ ಸಂಸಾರ ಹೂಡಿದಳು. ಗೋರಿಯ ಕಡೆ ಹೋಗಿ ಬರೋಣ ಎಂದು ಫಿಲೊಮೆನಾ ಕೇಳಿದಾಗಲೆಲ್ಲ ಎಲಿಜಿಯೊ ಮುಂದಿನ ವರ್ಷ ಅಂದ. ಆಮೇಲೆ ಯಾರಿನ್‌ನ ಗಾಳಿಯೇ ವಿಷ ಎಂದು ಸರ್ಕಾರ ಫಲಕ ನೆಟ್ಟಿತು.

"ತೆವಳೋಕೂ ಬರದ ಕೂಸು," ಎಂದು ಆಕೆ ಪ್ರತಿ ವರ್ಷ ಆ ಹಾಲನ್ನು ಗಿಡದ ಬುಡಕ್ಕೆ ಚೆಲ್ಲುತ್ತ ಹೇಳುತ್ತಿದ್ದಳು. "ಅಷ್ಟು ದೂರ ಹೇಗೆ ತಾನೇ ಬಂದೀತು?"

ಈ ಚಳಿಗಾಲದಲ್ಲಿ ಎಲಿಜಿಯೊನ ಎದೆಯೊಳಗಿಂದ ನೀರು ತೆಗೆದರು. ಶ್ವಾಸಕೋಶ ಸುತ್ತಿದ ಪೊರೆ ಒಣಗಿದ ಕಿತ್ತಳೆ ಸಿಪ್ಪೆಯ ಹಾಗೆ ಗಟ್ಟಿಯಾಗುತ್ತಿದೆ, ಒಳಗಿನದಕ್ಕೆ ಹಿಗ್ಗಲು ಜಾಗವಿಲ್ಲ ಎಂದು ಡಾಕ್ಟರು ಹೇಳಿದರು. ಅದಕ್ಕೊಂದು ಉದ್ದ ಹೆಸರಿದೆ. ಪರ್ತ್‌ನ ನಮ್ಮ ಇಟಲಿಯವರ ಕ್ಲಬ್ಬಿನ ಗಂಡಸರು ತಮ್ಮೂರಿನ ಹೆಸರು ಹೇಳಿದಷ್ಟು ಸಲೀಸಾಗಿ ಆ ಹೆಸರು ಹೇಳುತ್ತಾರೆ. ಅಲ್ಲಿ ಯಾರಾದರೂ ಕೆಮ್ಮಿದರೆ ಇಸ್ಪೀಟಿನ ಮೇಜುಗಳು ಗಪ್‌ಚಿಪ್ಪಾಗುತ್ತವೆ. ಆಮೇಲೆ ಯಾರೋ ಒಬ್ಬ, "ಸಿಗರೇಟು ಕಣೋ, ಬರೀ ಸಿಗರೇಟು," ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. ಎಲಿಜಿಯೊ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಈಸ್ಟರ್ ಹಬ್ಬದ ತನಕ ಇರಬಹುದು ಎಂದರು ಡಾಕ್ಟರು.

ಅವನು ತನ್ನ ಬಗ್ಗೆ ಏನೂ ಕೇಳಲಿಲ್ಲ. ಹೆಂಡತಿಯ ಎದೆಯ ಎಕ್ಸ್‌ರೇ ಚಿತ್ರ ತೆಗೆಯಿರಿ ಎಂದು ಹಟ ಹಿಡಿದ. ಗಣಿಯೊಳಗೆ ಹೆಜ್ಜೆಯಿಡದ ಹೆಂಗಸರೂ ಇದೇ ರೋಗಕ್ಕೆ ಹೋಗಿದ್ದನ್ನು ಅವನು ನೋಡಿದ್ದ. ಗಣಿಯಲ್ಲಿ ದುಡಿದ ಗೆಳೆಯ ಫೌಸ್ಟೊ ಅರವತ್ತು ದಾಟಿ ಇನ್ನೂ ಗಟ್ಟಿಮುಟ್ಟಾಗಿದ್ದಾಗಲೇ ಅವನ ಹೆಂಡತಿ ಹೋಗಿಬಿಟ್ಟಿದ್ದಳು. ಫಿಲೊಮೆನಾಳ ಚಿತ್ರ ಚೊಕ್ಕವಾಗಿ ಬಂತು. "ಇವತ್ತಿಗೆ ಏನೂ ಇಲ್ಲ. ಆದರೆ ಒಳಗೆ ಹೋದದ್ದು ಮೂವತ್ತು ನಲವತ್ತು ವರ್ಷ ಸುಮ್ಮನೆ ಕೂತಿದ್ದು ಏಳುತ್ತದೆ. ಇನ್ನು ಕಲ್ನಾರಿನ ಒಂದೆಳೆಯೂ ಒಳಕ್ಕೆ ಹೋಗದಂತೆ ನೋಡಿಕೊಳ್ಳಿ," ಅಂದರು ಡಾಕ್ಟರು. ಆ ಮಾತು ಕೇಳಿದ ರಾತ್ರಿ ಎಲಿಜಿಯೊ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ. ಆಕೆ ಇರುತ್ತಾಳೆ ಎಂಬುದೊಂದೇ ಅವನಿಗೆ ಉಳಿದ ಸಮಾಧಾನ.

ಹಾಗಿದ್ದೂ ಆಕೆ ಬಿಡಲಿಲ್ಲ. ಮಗಳ ಮನೆಗೆ ಬಂದಾಗಿನಿಂದ ಗೋರಿಗೆ ಹೋಗೋಣ ಎಂದು ಒಂದೇ ರಾಗ. ಕೊನೆಗೆ ಅವನೇ ಕರಾರು ಹಾಕಿದ: "ನಾನು ಇಳೀತೀನಿ, ನಾನು ಹಾಲು ಇಡ್ತೀನಿ. ನನಗೆ ಇನ್ನೇನೂ ಆಗೋದಿಲ್ಲ. ನೀನು ಕಾರಲ್ಲೇ ಕೂತಿರ್ಬೇಕು, ಗಾಜು ಏರಿಸ್ಕೊಂಡು. ಒಪ್ಪಿಗೆ ಇದ್ರೆ ಹೇಳು." ಆಕೆ ಒಪ್ಪಿದಳು. ಅಷ್ಟು ಬೇಗ ಒಪ್ಪಿದ್ದೇ ಅವನಿಗೆ ಸರಿಕಾಣಲಿಲ್ಲ. ಮಗಳಿಗೆ ಹೊಳೆಯ ದಂಡೆಗೆ ಹೋಗಿ ಊಟ ಮಾಡಿಕೊಂಡು ಬರುತ್ತೇವೆ ಎಂದು ಸುಳ್ಳು ಹೇಳಿ ಎರಡನೇ ತಾರೀಖು ಬೆಳಿಗ್ಗೆ ಹೊರಟಿದ್ದರು.

ಯಾರಿನ್‌ನಲ್ಲಿ ಬೀದಿಗಳು ಮಾತ್ರ ಉಳಿದಿದ್ದವು. ಮನೆಗಳನ್ನು ಕೆಡವಿ ಹೂತುಹಾಕಿದ್ದರು. ಬೀದಿಯ ಅಂಚಿನ ಸಿಮೆಂಟು, ಅಲ್ಲಲ್ಲಿ ಎಲ್ಲಿಗೂ ಹತ್ತಿಸದ ಮೆಟ್ಟಿಲು, ಸುತ್ತ ಕೆಂಪು ಬೆಟ್ಟ, ಮುಳ್ಳುಹುಲ್ಲು. ಎಲಿಜಿಯೊ ನಡೆದು ಹೋಗುವಷ್ಟು ನಿಧಾನವಾಗಿ ಕಾರು ಬಿಟ್ಟ. ಎಂಜಿನ್ ಸದ್ದು ಬಿಟ್ಟರೆ ಕಾಗೆಯ ಕೂಗೂ ಇರಲಿಲ್ಲ. ಆದರೂ ಪ್ರತಿ ತಿರುವಿನಲ್ಲಿ ಯಾರೋ ಅಡ್ಡ ಬರಬಹುದು ಎಂಬಂತೆ ಅವನ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು.

"ಇದು ಫೌಸ್ಟೊನ ಮನೆ ಅಲ್ವಾ? ಆ ಅಕಾರ್ಡಿಯನ್ ಬಾರಿಸ್ತಿದ್ದೋನು?" ಅಂದಳು ಫಿಲೊಮೆನಾ.

"ಹೌದು."

"ಅವ್ನು ಹೋದ. ಪಕ್ಕದಲ್ಲಿ ಆ ಪೋಲೆಂಡಿನೋನು, ಗಡಿಯಾರ ರಿಪೇರಿ ಮಾಡ್ತಿದ್ದೋನು."

"ಅವ್ನೂ."

"ಕೋಳಿ ಸಾಕಿದ್ದ ಡಚ್ ಹೆಂಗಸು?"

"ಅವಳ ಗಂಡ, ಅವಳು, ದೊಡ್ಡ ಮಗ." ಎಲಿಜಿಯೊ ಉಸಿರು ತೆಗೆದುಕೊಂಡ. "ಒಬ್ಬೊಬ್ಬರನ್ನೇ ಕೇಳ್ಬೇಡ ಮಾರಾಯ್ತಿ. ಯಾರಾದ್ರೂ ಬದುಕಿದ್ರೆ ನಾನೇ ಹೇಳ್ತೀನಿ."

ಅವನು ಹೇಳಲಿಲ್ಲ. ಬೀದಿಯ ಕೊನೆಯಲ್ಲಿ ಇವರ ಮನೆಯಿದ್ದ ಜಾಗ ಬಂತು. ಗುರುತು ಹಿಡಿಯಲು ಕಷ್ಟವಾಗಲಿಲ್ಲ, ಏಕೆಂದರೆ ಅಂಗಳ ಇನ್ನೂ ನೀಲಿಯಾಗಿತ್ತು. ಆ ಊರಿನ ಕೆಂಪು ಮಣ್ಣು ಬಟ್ಟೆಗೆ, ಅನ್ನಕ್ಕೆ, ಹಾಸಿಗೆಗೆ ಹತ್ತುತ್ತಿತ್ತು. ಅದನ್ನು ಅಡಗಿಸಲು ಎಲ್ಲರೂ ಗಿರಣಿಯ ಹಿಂದೆ ಗುಡ್ಡೆಗಟ್ಟಿದ್ದ ಪುಡಿಯನ್ನು ತಂದು ಅಂಗಳಕ್ಕೆ ಹರಡುತ್ತಿದ್ದರು. ಕಲ್ಲನ್ನು ಅರೆದು ನಾರು ತೆಗೆದ ಮೇಲೆ ಉಳಿದ ಪುಡಿ ಅದು; ಕಂಪನಿ ಪುಕ್ಕಟೆ ಕೊಡುತ್ತಿತ್ತು. ಶಾಲೆಯ ಮೈದಾನಕ್ಕೂ ಅದೇ, ಕುದುರೆ ಓಡಿಸುವ ಬಯಲಿಗೂ ಅದೇ. ಧೂಳು ಕೂರಿಸಲು ಧೂಳನ್ನೇ ಹಾಸಿಕೊಂಡ ಜನ ನಾವು. ನೋಡಲು ಚೆಂದವಾಗಿತ್ತು, ಬರಿಗಾಲಿಗೆ ಮೆತ್ತಗಿತ್ತು, ಮಕ್ಕಳು ದಿನವಿಡೀ ಅದರಲ್ಲೇ ಗುಬ್ಬಿಗೂಡು ಕಟ್ಟುತ್ತಿದ್ದವು.

ಸ್ಮಶಾನ ಊರಾಚೆಯ ದಿಣ್ಣೆಯ ಮೇಲಿತ್ತು. ಎಲಿಜಿಯೊ ಬೇಲಿಯ ಹತ್ತಿರ ಕಾರು ನಿಲ್ಲಿಸಿ, ಎಂಜಿನ್ ಆರಿಸದೆ, ಹೊರಗಿನ ಗಾಳಿ ಒಳಗೆ ಬಾರದಂತೆ ಗುಂಡಿ ತಿರುಗಿಸಿದ. ಮುಖವಾಡವನ್ನು ತಾನೇ ಹೆಂಡತಿಗೆ ಕಟ್ಟಿದ. ಕೂದಲು ಸಿಕ್ಕಿಕೊಂಡಿತೆಂದು ಆಕೆ ಗೊಣಗಿದಳು.

"ಕೂತಿರು. ನಾನು ಇಟ್ಟು ಬಂದ್ಬಿಡ್ತೀನಿ."

"ಬೆಚ್ಚಗಿದೆಯಾ ನೋಡು," ಎಂದು ಆಕೆ ಮುಖವಾಡದೊಳಗಿನಿಂದಲೇ ಹೇಳಿ ಫ್ಲಾಸ್ಕು, ಬಟ್ಟಲು ಕೊಟ್ಟಳು. "ತಣ್ಣಗಿದ್ರೆ ಅವಳು ಕುಡೀತಿರ್ಲಿಲ್ಲ."

ಗೋರಿಗಳ ನಡುವೆ ಅವನಿಗೆ ದಾರಿ ಮರೆತಿರಲಿಲ್ಲ. ಕಲ್ಲು ಕೊರೆಯುವ ಸಲಾಕೆಗಳನ್ನು ಬೆಸೆದು ಫೌಸ್ಟೊ ಮಾಡಿಕೊಟ್ಟ ಶಿಲುಬೆ ಸ್ವಲ್ಪ ವಾಲಿತ್ತು. ಅದರ ಬುಡದಲ್ಲಿ ಒಂದು ಹಾಸಿಗೆಯ ಮೂರನೇ ಒಂದು ಭಾಗದಷ್ಟು ಅಗಲಕ್ಕೆ ಕಲ್ಲು ಜೋಡಿಸಿ ನಡುವೆ ನೀಲಿ ಪುಡಿ ತುಂಬಿತ್ತು. ಅದನ್ನು ಅವನೇ ತುಂಬಿದ್ದ. ಮಣ್ಣು ಮಾಡಿದ ಮಾರನೆಯ ದಿನ ಕೈಗಾಡಿ ತಳ್ಳಿಕೊಂಡು ಹೋಗಿ, ಗುಡ್ಡೆಯ ಒಳಗಿನಿಂದ ಹುಡುಕಿ ಅತ್ಯಂತ ನಯವಾದದ್ದನ್ನು, ರೇಷ್ಮೆಯಂಥ ಎಳೆಗಳಿದ್ದದ್ದನ್ನು ತಂದು, ಅಂಗೈಯಲ್ಲಿ ಸವರಿ ಸಮ ಮಾಡಿದ್ದ. ಮಗುವಿನ ಮೇಲೆ ಕೆಂಪು ಕೆಸರು ಕೂರಬಾರದು ಎಂದಷ್ಟೇ ಅವನ ತಲೆಯಲ್ಲಿತ್ತು. ಸುತ್ತ ಬೇರೆ ಮಕ್ಕಳ ಗೋರಿಗಳೂ ನೀಲಿಯಾಗಿದ್ದವು. ಇವನದನ್ನು ನೋಡಿ ಉಳಿದ ಅಪ್ಪಂದಿರೂ ತಂದಿದ್ದರು.

ಹಾಲಿನ ಬಟ್ಟಲಿಡಲು ಬಗ್ಗಿದ. ಎದೆ ಬಿಗಿಯಿತು. ಅವನಿಗೆ ಇದು ಹೊಸದಲ್ಲ. ಬಗ್ಗಿದರೆ ಹೀಗಾಗುತ್ತದೆ, ಒಂದು ಗಳಿಗೆ ನಿಂತರೆ ಬಿಡುತ್ತದೆ. ಇವತ್ತು ಬಿಡಲಿಲ್ಲ. ಗಿರಣಿಯಲ್ಲಿ ಅವನ ಕೆಲಸ ಚೀಲ ತುಂಬುವುದಾಗಿತ್ತು. ಇಟಲಿಯ ಊರಲ್ಲಿ ವೈನಿಗೆಂದು ದ್ರಾಕ್ಷಿ ತುಳಿದು ಅಭ್ಯಾಸವಿದ್ದವರನ್ನು ಕಂಪನಿಯವರು ಅದಕ್ಕೇ ಆರಿಸುತ್ತಿದ್ದರು. ಗೋಣಿಚೀಲದೊಳಗೆ ಸೊಂಟದವರೆಗೆ ಇಳಿದು ಕಲ್ನಾರನ್ನು ತುಳಿದು ತುಳಿದು ಒತ್ತುವುದು. ಎದ್ದ ಧೂಳಿಗೆ ಎದುರಿನ ದೀಪ ಮಂಜಿನಲ್ಲಿ ಕಂಡಂತೆ ಕಾಣುತ್ತಿತ್ತು. ಆಗ ಒಳಗೆ ಹೋದದ್ದೆಲ್ಲ ಈಗ ಒಟ್ಟಿಗೆ ಬಾಗಿಲು ಹಾಕಿಕೊಂಡ ಹಾಗೆ ಅನಿಸಿತು. ಅವನು ಗೋರಿಯ ಅಂಚಿನ ಕಲ್ಲಿನ ಮೇಲೆ ಕುಸಿದು ಕೂತ. ಫ್ಲಾಸ್ಕ್ ಉರುಳಿತು, ಪುಣ್ಯಕ್ಕೆ ಮುಚ್ಚಳ ಗಟ್ಟಿಯಾಗಿತ್ತು.

ಕಾರಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಬೇಡ ಎಂದು ಕೈ ಆಡಿಸಿದ. ಆಕೆ ಕಪ್ಪು ಲಂಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಚರ್ಚಿಗೆ ತಡವಾದವಳ ಹಾಗೆ ಬರುತ್ತಿದ್ದಳು.

"ಹೇಳಿದ್ದೇನು ನಿಂಗೆ," ಅಂದ, ಉಸಿರು ಸಿಕ್ಕಷ್ಟರಲ್ಲಿ. "ಮುಖವಾಡ ಎಲ್ಲಿ?"

"ಕಾರಲ್ಲಿದೆ. ಅದು ಹಾಕ್ಕೊಂಡು ಬಂದ್ರೆ ಮಗು ಹೆದರ್ಕೊಳ್ಳತ್ತೆ."

"ಫಿಲೊಮೆನಾ, ವಾಪಸ್ ಹೋಗು."

"ಹೋಗ್ತೀನಿ. ನೀನು ಮೊದ್ಲು ಉಸಿರು ಸರಿ ಮಾಡ್ಕೊ. ಮಾತಾಡ್ಬೇಡ."

ಅವನಿಗೆ ಸಿಟ್ಟು ಬಂದಿತ್ತು, ಸಿಟ್ಟು ಮಾಡಲು ಗಾಳಿ ಸಾಲುತ್ತಿರಲಿಲ್ಲ. ಆಕೆ ಅವನ ಪಕ್ಕದಲ್ಲಿ ಕೂತು ಬೆನ್ನು ನೀವಿದಳು. ಆಮೇಲೆ ಫ್ಲಾಸ್ಕ್ ತೆಗೆದು, ಒಂದು ಹನಿ ಹಾಲನ್ನು ಮಣಿಕಟ್ಟಿಗೆ ಬಿಟ್ಟು ಬಿಸಿ ನೋಡಿದಳು. ಬಟ್ಟಲಿಗೆ ಸುರಿದು ಶಿಲುಬೆಯ ಬುಡದಲ್ಲಿಟ್ಟಳು. ಇಷ್ಟೆಲ್ಲ ಮಾಡುವಾಗ ನೀಲಿ ಪುಡಿಯ ಮೇಲೆ ಒಂದು ಕೈಯೂರಿದ್ದಳು. ಎಲಿಜಿಯೊ ಆ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಅದನ್ನು ಎತ್ತಿ ತನ್ನ ಮಂಡಿಯ ಮೇಲಿಟ್ಟುಕೊಂಡು ಬಿಗಿಯಾಗಿ ಹಿಡಿದ.

"ಬಂದ ದಾರಿ ಚೆನ್ನಾಗಿ ನೋಡ್ಕೊಂಡ್ಯಾ?" ಅಂದಳು ಆಕೆ.

"ಯಾಕೆ?"

"ಮುಂದಿನ ವರ್ಷ ಈ ದಿನ ನೀನೂ ಮನೆಗೆ ಬರ್ತೀಯಲ್ಲ. ಸೀದಾ ಪರ್ತ್‌ಗೆ ಬರ್ಬೇಡ. ಮೊದ್ಲು ಇಲ್ಲಿಗೆ ಬಂದು ಇವಳನ್ನ ಎತ್ಕೊಂಡು ಬಾ."

ಪಾದ್ರಿಗಳನ್ನು ಕಂಡರೆ ಕಿಚಾಯಿಸುವವನು ಎಲಿಜಿಯೊ. ಸತ್ತ ಮೇಲೆ ಏನೂ ಇಲ್ಲ, ಮಣ್ಣು ಅಷ್ಟೇ ಎಂದು ಕ್ಲಬ್ಬಿನಲ್ಲಿ ಮೇಜು ಗುದ್ದಿ ಹೇಳಿದವನು. ಅವನು ಹೆಂಡತಿಯ ಮುಖ ನೋಡಿದ. ಆಕೆ ಅಂಗಡಿಯಿಂದ ಏನೋ ತಾ ಎಂದು ಹೇಳಿದವಳ ಹಾಗೆ ಕೂತಿದ್ದಳು. ಇದನ್ನು ಹೇಳಲೆಂದೇ ಇಷ್ಟು ವಾರ ಹಟ ಮಾಡಿ ಕರೆತಂದಿದ್ದಾಳೆ ಎಂದು ಅವನಿಗೆ ಆಗ ಗೊತ್ತಾಯಿತು.

"ಸಾವಿರ ಮೈಲಿ ಇದೆ," ಅಂದ. "ಕಾರಿಂದ ಇಲ್ಲಿ ತನಕ ಬರೋಕೇ ನನ್ನ ಕೈಲಾಗಿಲ್ಲ."

"ಆಗ ಉಸಿರು ಬೇಕಾಗಲ್ಲ."

ಬಟ್ಟಲಿನ ಹಾಲಿಗೆ ಒಂದು ಇರುವೆ ಬಂತು.

"ದಾರೀಲಿ ಅತ್ರೆ?" ಅಂದ.

"ನೀನು ಎತ್ಕೊಂಡ್ರೆ ಯಾವತ್ತು ಅತ್ತಿದ್ಲು? ಹೆಗಲ ಮೇಲೆ ಹಾಕ್ಕೊ, ಮಲ್ಕೋತಾಳೆ."

"ಕುತ್ತಿಗೆಗೆ ಕೈ ಕೊಟ್ಟಿರ್ಬೇಕಾ?"

"ಏಳು ತಿಂಗಳಿಗೆ ಕುತ್ತಿಗೆ ನಿಂತಿರತ್ತೆ. ಬೆನ್ನಿಗೆ ಕೊಡು, ಸಾಕು."

"ಆಯ್ತು," ಅಂದ ಎಲಿಜಿಯೊ. "ಬರ್ತೀನಿ ಕರ್ಕೊಂಡು." ಹೇಳಿದ ಮೇಲೆ ಅವನಿಗೆ ಅಳು ಬಂತು. ಅಳಲೂ ಗಾಳಿ ಬೇಕು. ಆಕೆ ಅವನ ತಲೆಯನ್ನು ಹೆಗಲಿಗೆ ಎಳೆದುಕೊಂಡು, ಸಾಕು ಸಾಕು ಎಂದಳು.

ವಾಪಸ್ಸು ಹೋಗುವಾಗ ಎರಡು ಕಡೆ ನಿಂತು ಸುಧಾರಿಸಿಕೊಂಡರು. ಕಾರಿನ ಹತ್ತಿರ ಬಂದ ಮೇಲೆ ಎಲಿಜಿಯೊ ಮತ್ತೆ ಯಜಮಾನಿಕೆ ಮಾಡಿದ. ಪುಡಿ ಹತ್ತಿದ ಬಟ್ಟೆಯಲ್ಲಿ ಕಾರು ಹತ್ತಕೂಡದು, ಕಳಚಬಹುದಾದದ್ದೆಲ್ಲ ಇಲ್ಲೇ ಇರಲಿ. ಆಕೆಯ ಚಪ್ಪಲಿ ಬಿಡಿಸಿದ, ತಲೆವಸ್ತ್ರ ಬಿಚ್ಚಿಸಿದ, ಕಾರಿನಲ್ಲಿದ್ದ ಬಾಟಲಿಯ ನೀರು ಸುರಿದು ಆಕೆಯ ಎರಡೂ ಅಂಗೈಗಳನ್ನು ತಾನೇ ಉಜ್ಜಿ ತೊಳೆದ. ಲಂಗದ ಅಂಚನ್ನು ಒದ್ದೆ ಮಾಡಿದ, ಎಳೆ ಏಳಬಾರದೆಂದು. ಆಕೆ ಮದುವೆಯ ಹುಡುಗಿಯ ಹಾಗೆ ಕೈ ಚಾಚಿಕೊಂಡು ನಿಂತಿದ್ದಳು. "ಮೊಮ್ಮಕ್ಕಳು ನೋಡಿದ್ರೆ ಏನಂತಾರೆ, ಮುದುಕ," ಎಂದು ನಕ್ಕಳು. ಆಮೇಲೆ ಅವನು ತನ್ನ ಅಂಗಿಯ ಗುಂಡಿಗಳನ್ನು ಬಿಚ್ಚಿ, ಮೆಲ್ಲಗೆ ಕಳಚಿ, ನೆಲಕ್ಕೆ ಬಿಟ್ಟ. ಬನಿಯನ್ನಿನಲ್ಲಿ ನಿಂತು ಬಾಗಿಲಿನ ಹಿಡಿಗೆ ಕೈ ಹಾಕಿದ.

ಹಿಂದೆ ಪಟಾರನೆ ಸದ್ದಾಯಿತು. ತಿರುಗಿದ. ಫಿಲೊಮೆನಾ ನೆಲದಲ್ಲಿದ್ದ ಅಂಗಿ ಎತ್ತಿಕೊಂಡು, ಎರಡೂ ಭುಜ ಹಿಡಿದು ಒಮ್ಮೆ ಕೊಡವಿದ್ದಳು. ಅವನು ನೋಡುತ್ತಿದ್ದಂತೆ ಮಗುಚಿ ಇನ್ನೊಮ್ಮೆ ಕೊಡವಿದಳು. ಪಾಳಿ ಮುಗಿಸಿ ಬಂದವನ ಅಂಗಿಯನ್ನು ಹಿತ್ತಿಲ ಬಾಗಿಲಲ್ಲಿ ನಿಂತು ದಿನಾ ಸಂಜೆ ಹೀಗೇ ಕೊಡವಿ ಬಕೆಟ್ಟಿಗೆ ಹಾಕುತ್ತಿದ್ದಳು. ಯಾರಿನ್‌ನ ಹೆಂಗಸರೆಲ್ಲರೂ ಹಾಗೆ ಮಾಡುತ್ತಿದ್ದರು, ಸಂಜೆಯಾದರೆ ಬೀದಿಯುದ್ದಕ್ಕೂ ಅದೇ ಸದ್ದು. ಈಗ ಅದನ್ನು ಮಾಡಿದ್ದು ಆಕೆಯಲ್ಲ, ಆಕೆಯ ಕೈಗಳು. ಆಕೆಗೆ ಅದು ತಿಳಿದದ್ದು ಅವನ ಮುಖ ಕಂಡ ಮೇಲೆ.

ಇಬ್ಬರ ನಡುವಿನ ಬಿಸಿಲಿನಲ್ಲಿ ಸಣ್ಣ ಸಣ್ಣ ನೀಲಿ ಎಳೆಗಳು ಮಿನುಗುತ್ತಿದ್ದವು. ಕೂಗಲು ಎಲಿಜಿಯೊನ ಎದೆಯಲ್ಲಿ ಗಾಳಿ ಇರಲಿಲ್ಲ. ಅವುಗಳನ್ನು ಓಡಿಸಲೆಂದು ಕೈ ಎತ್ತಿದವನು, ಬೀಸಿದರೆ ಇನ್ನಷ್ಟು ಏಳುತ್ತವೆ ಎಂದು ಹಾಗೇ ನಿಲ್ಲಿಸಿದ. ಫಿಲೊಮೆನಾ ಅಂಗಿಯನ್ನು ಅಲುಗಾಡಿಸದೆ ಹಿಡಿದು, ಬಾಯಿ ಬಿಗಿದು, ಕೆನ್ನೆ ಉಬ್ಬಿಸಿ, ನೀರಿಗೆ ಧುಮುಕುವ ಹುಡುಗಿಯ ಹಾಗೆ ಉಸಿರು ಹಿಡಿದು ನಿಂತಿದ್ದಳು. ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಎಲ್ಲೂ ಗಾಳಿ ಇರಲಿಲ್ಲ, ಎಳೆಗಳು ಕೆಳಗೆ ಇಳಿಯುತ್ತಿರಲಿಲ್ಲ.